ಐದನೇ ಸೀಟಿನಿಂದ ಕಂಡದ್ದು

ದಿ ಪಾಂಡ್ಸ್, ಸಿಡ್ನಿ
12 ಜನವರಿ 2025

ಲಚ್ಚು,

ಕ್ಷೇಮ ಸಮಾಚಾರ ಕೊನೆಗೆ ಬರೆಯುತ್ತೇನೆ. ಮೊದಲು ಜಗಳ ಮುಗಿಸೋಣ.

ಫೋನಿನಲ್ಲಿ ನಾವಿಬ್ಬರೂ ಮೂರನೇ ನಿಮಿಷಕ್ಕೆ ಕಿತ್ತಾಡುತ್ತೇವೆ, ಅದಕ್ಕೆ ಹದಿನೈದು ದಿನಕ್ಕೊಂದು ಕಾಗದ ಬರೆಯೋಣ ಅಂತ ನೀನಂದೆ. ಒಪ್ಪಿದೆ. ಆದರೆ ಕೈಯಲ್ಲೇ ಬರೆಯಬೇಕು, ಗೆರೆಯಿಲ್ಲದ ಬಿಳಿ ಹಾಳೆಯಲ್ಲೇ ಬರೆಯಬೇಕು ಎಂಬ ನಿನ್ನ ಷರತ್ತು ಯಾಕೆಂದು ನನಗೆ ಇನ್ನೂ ಬಗೆಹರಿದಿಲ್ಲ. ನಾವು ಆಡುವುದು ತುಳು, ಬರೆಯುವುದು ಕನ್ನಡ. ಬರೆಯಲು ಕೂತರೆ ನಾನು ಅಪ್ಪನ ಎದುರು ಕಾಪಿ ಪುಸ್ತಕ ಹಿಡಿದು ನಿಂತ ಹುಡುಗಿಯಾಗುತ್ತೇನೆ, ಬೈಯಲೂ ವ್ಯಾಕರಣ ನೆನಪಾಗುತ್ತದೆ. ನಿನ್ನ ಉದ್ದೇಶವೂ ಅದೇ ಇರಬಹುದು. ಇಪ್ಪತ್ತೆರಡು ವರ್ಷದಿಂದ ಸಾಫ್ಟ್‌ವೇರ್ ಟೆಸ್ಟರ್ ಆಗಿರುವವಳಿಗೆ ಕಾರಣವಿಲ್ಲದ ಷರತ್ತು ಕಂಡರೆ ಕೈ ಕಡಿಯುತ್ತದೆ.

ಈಗ ಮುಖ್ಯ ಸುದ್ದಿ. ನನ್ನನ್ನು ಮೊದಲ ಬೋಟಿನಿಂದ ತೆಗೆದರು.

ಕಳೆದ ಭಾನುವಾರ ಬ್ಲ್ಯಾಕ್‌ವಾಟಲ್ ಬೇಯಲ್ಲಿ ಪ್ರಾಕ್ಟೀಸ್ ಮುಗಿಸಿ ದೋಣಿಗೆ ಸಿಹಿನೀರು ಹೊಡೆಯುತ್ತಿದ್ದಾಗ ಕೋಚ್ ಕರೆದಳು. "ವಸಂತಾ, ನೆಕ್ಸ್ಟ್ ವೀಕಿಂದ ನೀನು ಸೆಕೆಂಡ್ ಬೋಟ್."

"ಯಾಕೆ?"

"ಟೈಮಿಂಗ್. ಸೈಡ್ ಚೇಂಜ್ ಆದಾಗೆಲ್ಲ ನಿನ್ನ ಪ್ಯಾಡಲ್ ಬೇರೆಯವರಿಗಿಂತ ಮೊದಲು ನೀರಿಗೆ ಬೀಳ್ತಿದೆ. ರಶ್ ಮಾಡ್ತಿದ್ದೀಯ."

"ನೀನು ಯಾವಾಗ ನೋಡಿದೆ?"

ಅವಳು ಪೈಪಿನ ನೀರು ನಿಲ್ಲಿಸಿದಳು. "ಬೋಟಲ್ಲಿ ಕೂತವರು ನೋಡಿದಾರೆ."

ಆಫೀಸಿನ ಕಿರಣಕುಮಾರ ಇವತ್ತಿಗೂ ಇದು ಡ್ರ್ಯಾಗನ್ ಬೋಟಾ ಮೇಡಂ ಅಂತ ಕೇಳುತ್ತಾನೆ. ಅಲ್ಲಪ್ಪ, ಇದು ಔಟ್‌ರಿಗರ್, ಎಡಕ್ಕೆ ತೇಲುಮರ ಕಟ್ಟಿದ ಸಪೂರ ದೋಣಿ, ಆರು ಜನ ಒಬ್ಬರ ಹಿಂದೊಬ್ಬರು ಕೂರುತ್ತೇವೆ, ಯಾರೂ ಹಿಂದಿರುಗಿ ನೋಡುವ ಹಾಗಿಲ್ಲ ಅಂತ ನಾನೂ ಪ್ರತಿ ಸಲ ಹೇಳುತ್ತೇನೆ. ನನ್ನದು ನಾಲ್ಕನೇ ಸೀಟು. ನನ್ನ ಮುಂದಿನ ಮೂವರಿಗೆ ನಾನು ಕಾಣುವುದಿಲ್ಲ. ಆರನೆಯವಳ ಕಣ್ಣು ಚುಕ್ಕಾಣಿಯ ಮೇಲೆ, ಅಲೆಯ ಮೇಲೆ. ಮೂರು ವರ್ಷ ನನ್ನ ಬೆನ್ನನ್ನೇ ನೋಡುತ್ತಾ ಕೂತವಳು ಐದನೇ ಸೀಟಿನವಳು ಒಬ್ಬಳೇ. ಆ ಐದನೇ ಸೀಟಿನವಳು ಅಕ್ಟೋಬರಿನಲ್ಲಿ ಗಂಡನಿಗೆ ಟ್ರಾನ್ಸ್‌ಫರ್ ಆಯಿತೆಂದು ಮೆಲ್ಬರ್ನಿಗೆ ಹೋದಳು. ಈಗ ಅಲ್ಲಿ ಕೂರುವ ಹೊಸ ಹುಡುಗಿ ತನ್ನ ಪ್ಯಾಡಲ್ ಬಿಟ್ಟು ಬೇರೇನೂ ನೋಡುವವಳಲ್ಲ.

ನೀನೇ ಹೇಳಿದೆಯಾ ಲಚ್ಚು? ಹೌದು ಅಥವಾ ಅಲ್ಲ, ಒಂದೇ ಪದ ಸಾಕು.

ಮೇ ಹತ್ತಕ್ಕೆ ತೆರೆದ ಕಡಲಿನಲ್ಲಿ ಇಪ್ಪತ್ತನಾಲ್ಕು ಕಿಲೋಮೀಟರ್ ರೇಸ್ ಇದೆ, ಹೋಗುವುದು ಮೊದಲ ಬೋಟು ಮಾತ್ರ. ನನಗೆ ಐವತ್ತೊಂದು. ನಲವತ್ತಾರರಲ್ಲಿ ಶುಗರ್ ಬಂದಾಗ ನೀನೇ ಕೈಹಿಡಿದು ಎಳೆದುಕೊಂಡು ಹೋಗಿ ದೋಣಿಯಲ್ಲಿ ಕೂರಿಸಿದೆ. ಬೆಳಿಗ್ಗೆ ನಾಲ್ಕೂವರೆಗೆ ಎದ್ದು, ತೃಷಾಗೆ ಡಬ್ಬಿ ಕಟ್ಟಿ, ನೀರಿಗಿಳಿದು, ಒದ್ದೆ ಕೂದಲಲ್ಲೇ ಚಾಟ್ಸ್‌ವುಡ್‌ನ ಮೀಟಿಂಗಿಗೆ ಓಡುವವಳು ನಾನು. ಆ ಎರಡು ಗಂಟೆ ನಾನು ಯಾರ ಅಮ್ಮನೂ ಅಲ್ಲ, ಯಾರ ಮಾರ್ಟ್‌ಗೇಜಿನ ಅರ್ಧ ಪಾಲೂ ಅಲ್ಲ. ಆ ಸೀಟು ನನಗೆ ಬೇಕು.

ಕ್ಷೇಮ: ನಿನ್ನ ಭಾವ ಸುದರ್ಶನ್‌ಗೆ ಮಂಡಿನೋವು, ತೃಷಾಗೆ ಹನ್ನೆರಡನೆಯ ತರಗತಿಯ ಎಚ್ಚೆಸ್ಸಿ ಪರೀಕ್ಷೆ, ನನಗೆ ಸಂಶಯ. ಉಳಿದಂತೆ ಆರಾಮ.

ನಿನ್ನ ಅಕ್ಕ


ಪಾಯಿಂಟ್ ಕುಕ್, ಮೆಲ್ಬರ್ನ್
26 ಜನವರಿ 2025

ಪ್ರೀತಿಯ ಅಕ್ಕಾ,

ನಿನ್ನ ನಾಲ್ಕು ಪುಟ ಓದಿ ತುಂಬ ಸಂತೋಷವಾಯಿತು. ಬೈದದ್ದಕ್ಕಲ್ಲ, ಕೈಯಲ್ಲಿ ಬರೆದದ್ದಕ್ಕೆ.

ಸೀಟಿನ ವಿಷಯ ಬೇಸರದ್ದೇ. ಕೋಚ್‌ಗೆ ಅವಳದೇ ಕಾರಣಗಳು ಇರುತ್ತವೆ, ಒಂದು ಸೀಸನ್ ಎರಡನೇ ಬೋಟಿನಲ್ಲಿ ಕೂತರೆ ಏನೂ ಆಗುವುದಿಲ್ಲ. ಕಡಲಿಗಿಂತ ಕೊಲ್ಲಿಯೊಳಗೇ ಇರುವುದು ಈಗ ನಿನಗೆ ಒಳ್ಳೆಯದು ಅನಿಸುತ್ತದೆ.

ನಾನೂ ಇಲ್ಲಿ ರೇಸಿಗೆ ಇಳಿಯುತ್ತಿಲ್ಲ. ಬಲಭುಜ ಹಿಡಿದುಕೊಂಡಿದೆ. ಫ್ರೋಜನ್ ಶೋಲ್ಡರ್ ಎಂದು ಫಿಸಿಯೋ ಹೇಳಿದ್ದಾನೆ, ಈ ವಯಸ್ಸಿನ ಹೆಂಗಸರಿಗೆ ಮಾಮೂಲಂತೆ. ಶನಿವಾರ ಕ್ಲಬ್ಬಿನಲ್ಲಿ ಹೊಸಬರಿಗೆ ಕಲಿಸುತ್ತೇನೆ, ದಡದಲ್ಲಿ ನಿಂತು. ಪ್ರೀತಮ್‌ನ ದೂರು ಒಂದೇ, ಅವರ ಜೋಕಿಗೆ ನಾನು ಈಗೀಗ ನಗುವುದಿಲ್ಲವಂತೆ. ಜೋಕುಗಳು ಹಾಗಿರುತ್ತವೆ. ಮೊನ್ನೆ ದೋಸೆ ಕಾವಲಿಯಲ್ಲೇ ಕರಕಲಾಗಿ ಸ್ಮೋಕ್ ಅಲಾರ್ಮ್ ಹೊಡೆದುಕೊಂಡಿತು. ಪಕ್ಕದಲ್ಲೇ ಟೊಮೆಟೊ ಹೆಚ್ಚುತ್ತಾ ನಿಂತಿದ್ದೆ, ಗೊತ್ತೇ ಆಗಲಿಲ್ಲ. ಹೊಸ ಊರು, ಗಮನ ಎಲ್ಲೋ ಇರುತ್ತದೆ.

ಸುಮ್ಮನೆ ಕೆಲವು ಕೇಳುತ್ತೇನೆ, ಬೇಸರಿಸಬೇಡ. ನಿನಗೆ ಒಗ್ಗರಣೆಯ ವಾಸನೆ ಮೊದಲಿನ ಹಾಗೆಯೇ ಬರುತ್ತದಾ? ನಿದ್ದೆಯಲ್ಲಿ ಕೈಕಾಲು ಎಸೆಯುತ್ತೀಯಾ, ಭಾವನನ್ನು ಕೇಳಿ ಬರೆ. ಅಂಗಿಯ ಗುಂಡಿ ಹಾಕಲು ಹೊತ್ತು ಹಿಡಿಯುತ್ತದಾ? ಮೆಟ್ರೋಗೆ ನಡೆದು ಹೋಗುವಾಗ ಎರಡೂ ಕೈ ಬೀಸುತ್ತೀಯಾ?

ಮುಂದಿನ ಕಾಗದವೂ ಕೈಯಲ್ಲೇ ಬರೆ. ಉದ್ದ ಬರೆ.

ನಿನ್ನ ಲಚ್ಚು


ದಿ ಪಾಂಡ್ಸ್
9 ಫೆಬ್ರುವರಿ 2025

ಶ್ರೀಲಕ್ಷ್ಮಿಯವರಿಗೆ,

ಗಮನಿಸಿದಿರಾ, ಇದು ಕಂಪ್ಯೂಟರಿನಲ್ಲಿ ಹೊಡೆದು ಪ್ರಿಂಟ್ ತೆಗೆದ ಕಾಗದ. ಷರತ್ತು ಮುರಿದರೆ ಏನಾಗುತ್ತದೆಂದು ನೋಡುವುದು ನನ್ನ ಸಂಬಳದ ಕೆಲಸ.

ಹೌದಾ ಅಲ್ಲವಾ ಎಂದು ಕೇಳಿದ್ದೆ. ನೀನು ಒಗ್ಗರಣೆಯ ವಾಸನೆ ಕೇಳಿದೆ. ಕೈ ಬೀಸುತ್ತೀಯಾ, ನಿದ್ದೆ ಹೇಗೆ, ಗುಂಡಿ ಹೇಗೆ. ಇವನ್ನೆಲ್ಲ ಕೇಳುವವರು ಇಬ್ಬರೇ, ಒಂದು ಇನ್ಶೂರೆನ್ಸ್ ಕಂಪನಿಯವರು, ಇನ್ನೊಂದು ಎದುರು ಟೀಮಿನವರು. ಮೇ ರೇಸಿಗೆ ನಿಮ್ಮ ಮೆಲ್ಬರ್ನ್ ಕ್ಲಬ್ಬಿನ ಹೆಂಗಸರೂ ಬರುತ್ತಿದ್ದಾರೆಂದು ಪಟ್ಟಿಯಲ್ಲಿ ನೋಡಿದೆ. ನೀನು ಅದನ್ನು ಬರೆಯಲಿಲ್ಲ. ನೀನು ಅಲ್ಲಿ ಕಲಿಸುತ್ತಿರುವುದು ಬರೀ ಹೊಸಬರಿಗೇನಾ? ನಮ್ಮ ಬೋಟಿನಲ್ಲಿ ಯಾರಿಗೆ ಎಲ್ಲಿ ನೋವು, ಯಾರು ಎಷ್ಟು ಹೊತ್ತಿಗೆ ಸುಸ್ತಾಗುತ್ತಾರೆ ಎಂಬ ಮಾಹಿತಿ ಅಲ್ಲಿ ಉಪಯೋಗಕ್ಕೆ ಬರಬಹುದು.

ತೃಷಾ ಇದನ್ನು ಹೆಗಲ ಮೇಲಿಂದ ಬಗ್ಗಿ ಓದಿ, "ಮಮ್, ಶೀ ಈಸ್ ಯುವರ್ ಸಿಸ್ಟರ್, ನಾಟ್ ಎ ಬಗ್" ಅಂದಳು. ಅವಳಿಗೆ ನೀನು ಯಾವಾಗಲೂ ಬಂಗಾರದ ಚಿಕ್ಕಮ್ಮ.

ಇನ್ನೊಂದು. ಮೆಲ್ಬರ್ನಿನಲ್ಲಿ ಹಾಳೆಗೆ ಅಷ್ಟು ಬರವಾ? ನಿನ್ನ ಕೊನೆಯ ಪುಟ ಓದಲು ಸುದರ್ಶನ್‌ನ ಕನ್ನಡಕವನ್ನೂ ನನ್ನ ಕನ್ನಡಕವನ್ನೂ ಒಂದರ ಮೇಲೊಂದು ಇಟ್ಟುಕೊಂಡೆ. ಮೊದಲ ಸಾಲು ಮನುಷ್ಯರ ಅಕ್ಷರ, ಕೊನೆಯ ಸಾಲು ಇರುವೆಯ ಸಾಲು. ಮನಸ್ಸಿನಲ್ಲಿ ಏನೋ ಇಟ್ಟುಕೊಂಡವರು ಹೀಗೆ ಕುಗ್ಗಿಸಿ ಬರೆಯುತ್ತಾರಂತೆ, ಎಲ್ಲೋ ಓದಿದ್ದೆ.

ನಾನು ಎರಡನೇ ಬೋಟಿನಲ್ಲಿ ಕೂರುತ್ತಿದ್ದೇನೆ. ಕೂತವರಲ್ಲಿ ಅರ್ಧ ಜನ ಸೆಲ್ಫಿಗಾಗಿ ಬಂದವರು.

ವಸಂತಾ


ಪಾಯಿಂಟ್ ಕುಕ್
19 ಫೆಬ್ರುವರಿ 2025

ಅಕ್ಕಾ,

ಯಾಕೆ ಟೈಪ್ ಮಾಡಿದೆ? ನಿಜ ಹೇಳು, ಬರೆಯಲು ಕಷ್ಟವಾಗುತ್ತಿದೆಯಾ? ಕವರಿನ ಮೇಲಿನ ವಿಳಾಸವೂ ನಿನ್ನದಲ್ಲ, ತೃಷಾಳದ್ದು. ಅವಳ ದುಂಡು ಇಂಗ್ಲಿಷ್ ನನಗೆ ಗೊತ್ತು.

ನಾನು ಯಾರ ಪರವಾಗಿಯೂ ಕೇಳುತ್ತಿಲ್ಲ. ಅಪ್ಪನಾಣೆ. ದಯವಿಟ್ಟು ಒಂದು ಪುಟವಾದರೂ ಕೈಯಲ್ಲಿ ಬರೆದು ಕಳಿಸು. ಏನು ಬೇಕಾದರೂ ಬರೆ, ಬೈಗುಳ ಬರೆ, ಸಾರಿನ ಪುಡಿಯ ಪಟ್ಟಿ ಬರೆ. ಕೈಯಲ್ಲಿ ಬರೆ.

ಲಚ್ಚು


ದಿ ಪಾಂಡ್ಸ್
2 ಮಾರ್ಚ್ 2025

ನನ್ನ ಪ್ರೀತಿಯ ಲಚ್ಚು,

ಸರಿ, ಕೈಯಲ್ಲೇ ಬರೆಯುತ್ತಿದ್ದೇನೆ. ನನ್ನದೇ ತಪ್ಪು. ತಂಗಿಯ ಮೇಲೆ ಎಷ್ಟು ಅಂತ ಸಂಶಯಪಡುವುದು.

ಇಲ್ಲಿ ಸೆಕೆ ಇಳಿದಿಲ್ಲ. ಟೂಂಗಾಬಿಯ ಅಂಗಡಿಗೆ ಕುಚ್ಚಲಕ್ಕಿ ಬಂದಿತ್ತು, ಎರಡು ಚೀಲ ತಂದೆ. ನೀನು ಬಂದರೆ ಗಂಜಿ, ಒಣಮೀನಿನ ಚಟ್ನಿ. ಸುದರ್ಶನ್ ನನ್ನೊಡನೆ ವಾಕಿಂಗ್ ಬರಲು ಶುರುಮಾಡಿದ್ದಾರೆ, ಅಂದರೆ ನಾನು ನಡೆಯುತ್ತೇನೆ, ಅವರು ಬೆಂಚು ಹುಡುಕುತ್ತಾರೆ.

ಒಂದು ಗುಟ್ಟು ನಿನಗೆ ಮಾತ್ರ ಹೇಳುತ್ತೇನೆ. ಎಡ ಮಣಿಕಟ್ಟು ಊದಿಕೊಂಡಿದೆ, ಪ್ಯಾಡಲ್ ಹಿಡಿದರೆ ಜುಮ್ ಎನ್ನುತ್ತದೆ. ಸುದರ್ಶನ್‌ಗೂ ಹೇಳಿಲ್ಲ. ಕೋಚ್‌ಗೆ ಗೊತ್ತಾದರೆ ಎರಡನೇ ಬೋಟಿನಿಂದಲೂ ಹೋಗುತ್ತೇನೆ. ನಿನ್ನ ಹೊಟ್ಟೆಯಲ್ಲೇ ಇರಲಿ.

ನಿನ್ನ ಪ್ರೀತಿಯ ಅಕ್ಕ


ಪಾಯಿಂಟ್ ಕುಕ್
9 ಮಾರ್ಚ್ 2025

ಅಕ್ಕಾ,

ಎಡಗೈ ಮಾತ್ರವಾ? ಸುಮ್ಮನೆ ಕೂತಿದ್ದಾಗ ಅದು ಅಲುಗುತ್ತದಾ? ನಾಳೆಯೇ ಜಿಪಿ ಡಾಕ್ಟರ್ ಹತ್ತಿರ ಹೋಗು. ಅದು ಬರೀ ಊತ ಇರಲಾರದು. ನೀರಿಗೆ ಇಳಿಯಬೇಡ, ನನ್ನ ಮೇಲೆ ಪ್ರೀತಿಯಿದ್ದರೆ ಇಳಿಯಬೇಡ.

ನಿನ್ನ ಅಕ್ಷರ ಚೆನ್ನಾಗಿದೆ. ಅದೊಂದೇ ಸಮಾಧಾನ.

ಲಚ್ಚು


ದಿ ಪಾಂಡ್ಸ್
20 ಮಾರ್ಚ್ 2025

ಶ್ರೀಲಕ್ಷ್ಮಿ,

ನನ್ನ ಎಡ ಮಣಿಕಟ್ಟಿಗೆ ಏನೂ ಆಗಿಲ್ಲ. ಆಗಿರಲೂ ಇಲ್ಲ.

ಆ ಸುಳ್ಳನ್ನು ಈ ಭೂಮಿಯ ಮೇಲೆ ಒಬ್ಬಳಿಗೆ ಮಾತ್ರ ಹೇಳಿದ್ದೆ. ಕಳೆದ ಭಾನುವಾರ ದೋಣಿ ನೀರಿಗಿಳಿಸುವ ಮೊದಲು ಕೋಚ್ ನನ್ನ ಬಳಿ ಬಂದು, ತಗ್ಗಿದ ದನಿಯಲ್ಲಿ, "ನಿನ್ನ ಲೆಫ್ಟ್ ರಿಸ್ಟ್ ಹೇಗಿದೆ?" ಅಂತ ಕೇಳಿದಳು.

ನಾನು ಎರಡೂ ಕೈ ಚಾಚಿ ತೋರಿಸಿದೆ. "ನೀನೇ ನೋಡು. ಯಾರು ಹೇಳಿದ್ದು?"

ಅವಳು ಕಡಲ ಕಡೆ ನೋಡಿದಳು. "ವಸಂತಾ, ನಿನ್ನ ಮೇಲೆ ಕಾಳಜಿ ಇರೋರು."

ಕಾಳಜಿಯಂತೆ. ಮನೆಗೆ ಬಂದು ಸುದರ್ಶನ್‌ಗೆ ಎಲ್ಲ ಹೇಳಿದೆ. "ನಿಂಗೆ ಮರ್ಲುಂಟಾ ಮಾರಾಯ್ತಿ, ಸ್ವಂತ ತಂಗಿಗೆ ಟ್ರ್ಯಾಪ್ ಹಾಕುದಾ?" ಅಂದರು. ಟ್ರ್ಯಾಪಿಗೆ ಬಿದ್ದವಳ ಬಗ್ಗೆ ಅವರು ಒಂದು ಮಾತೂ ಆಡಲಿಲ್ಲ.

ಮೊದಲ ಸಲ ನನ್ನ ಬೆನ್ನ ಹಿಂದೆ ಹೇಳಿದವಳೂ ನೀನೇ, ಮಾರ್ಚಿನಲ್ಲಿ ಹೇಳಿದವಳೂ ನೀನೇ. ನಿನಗೇನು ಸಿಕ್ಕಿತು ಅಂತ ನಾಲ್ಕು ದಿನದಿಂದ ಯೋಚಿಸುತ್ತಿದ್ದೇನೆ. ನಿನ್ನ ಭುಜ ಹೋಯಿತು, ಆದ್ದರಿಂದ ಅಕ್ಕನೂ ದಡದಲ್ಲಿರಲಿ ಅಂತಲಾ? ಈ ಮಾತು ಬರೆಯಲು ನನಗೇ ನಾಚಿಕೆಯಾಗುತ್ತಿದೆ, ಆದರೆ ಬೇರೆ ಕಾರಣ ಹೊಳೆಯುತ್ತಿಲ್ಲ.

ಇನ್ನು ನೀನು ಕಾರಣ ಬರೆಯುವವರೆಗೆ ನಾನು ಬರೆಯುವುದಿಲ್ಲ.

ವಸಂತಾ


ಪಾಯಿಂಟ್ ಕುಕ್
30 ಮಾರ್ಚ್ 2025

ಅಕ್ಕಾ,

ಹೌದು. ನಾನೇ ಹೇಳಿದ್ದು, ಎರಡು ಸಲವೂ.

ಅಪ್ಪನ ಕಪ್ಪುಹಲಗೆ ನಿನಗೆ ನೆನಪಿದೆಯಾ? ನೀನಾಗಲೇ ಬೆಂಗಳೂರಿನಲ್ಲಿದ್ದೆ, ನಾನು ಅವರದೇ ಶಾಲೆಯಲ್ಲಿ ಒಂಬತ್ತನೆಯ ತರಗತಿ. ನಮ್ಮಪ್ಪ ದೂಮಪ್ಪ ಮಾಸ್ಟ್ರ ಅಕ್ಷರ ಎಂದರೆ ಕೊನೆಯ ಬೆಂಚಿಗೂ ಕಾಣುವ ಅಕ್ಷರ. ಆ ವರ್ಷ ಅದು ಚಿಕ್ಕದಾಗುತ್ತಾ ಬಂತು. ಹಲಗೆಯ ಎಡಗಡೆ ದೊಡ್ಡದಾಗಿ ಶುರುವಾದ ಸಾಲು ಬಲಗಡೆ ತಲುಪುವಾಗ ಎಳ್ಳಿನಷ್ಟಾಗುತ್ತಿತ್ತು. ಹುಡುಗರು ನಗುತ್ತಿದ್ದರು. ನಾನೂ ಒಂದು ದಿನ ನಕ್ಕಿದ್ದೆ. ಅದು ಪಾರ್ಕಿನ್ಸನ್ ಎಂದು ತಿಳಿಯಲು ಮತ್ತೆ ಮೂರು ವರ್ಷ ಬೇಕಾಯಿತು. ಆಮೇಲೆ ನಡೆಯುವಾಗ ಮುಗ್ಗರಿಸುವ ಹಾಗೆ ಸಣ್ಣ ಹೆಜ್ಜೆಯಲ್ಲಿ ಮುಂದಕ್ಕೆ ನುಗ್ಗುತ್ತಿದ್ದರಲ್ಲ, ತಡೆದುಕೊಳ್ಳಲು ಆಗದೆ. ಅದು ನಿನಗೂ ನೆನಪಿರುತ್ತದೆ.

ಕಳೆದ ವರ್ಷ ಆಗಸ್ಟಿನಿಂದ ನಿನ್ನ ಬೆನ್ನಿನಲ್ಲಿ ನಾನು ಅದನ್ನೇ ಕಂಡೆ. ಹದಿನಾಲ್ಕು ಎಳೆತ ಮುಗಿದು ಬದಿ ಬದಲಿಸಲು ಕೂಗಿದ ತಕ್ಷಣ ನಿನ್ನ ಪ್ಯಾಡಲ್ ನನ್ನದಕ್ಕಿಂತ ಮೊದಲೇ ನೀರಿಗೆ ಬೀಳುತ್ತಿತ್ತು. ಪ್ರತಿ ಸಲ, ಅರ್ಧ ಕ್ಷಣ ಮೊದಲು. ಅಕ್ಕ ನುಗ್ಗುತ್ತಿದ್ದಾಳೆ, ಅಪ್ಪನ ಹಾಗೆ, ಅನಿಸಿತು.

ನಿನಗೆ ಹೇಳಲು ಬಾಯಿ ಬರಲಿಲ್ಲ. ಹೇಳಿದರೆ ನೀನು ನಂಬುವುದಿಲ್ಲ, ಹಟಕ್ಕೆ ಇನ್ನೂ ದೂರ ಹೋಗುತ್ತೀಯ. ತೆರೆದ ಕಡಲಿನಲ್ಲಿ ದೋಣಿ ಮಗುಚಿದಾಗ ಕೈ ಮಾತು ಕೇಳದಿದ್ದರೆ? ಅದಕ್ಕೆ ಡಿಸೆಂಬರಿನಲ್ಲಿ ಕೋಚ್‌ಗೆ ಟೈಮಿಂಗ್ ಸರಿಯಿಲ್ಲ ಎಂದಷ್ಟೇ ಹೇಳಿದೆ, ಕಾಯಿಲೆಯ ಹೆಸರು ಎತ್ತಲಿಲ್ಲ. ಆಮೇಲೆ ನಿನ್ನ ಅಕ್ಷರ ನೋಡಬೇಕೆನಿಸಿತು. ಕೈಯಲ್ಲಿ ಬರೆ, ಗೆರೆಯಿಲ್ಲದ ಹಾಳೆಯಲ್ಲಿ ಬರೆ ಎಂದು ಪೀಡಿಸಿದ್ದು ಅದಕ್ಕೆ. ನೀನು ಟೈಪ್ ಮಾಡಿ ಕಳಿಸಿದ ದಿನ ನನಗೆ ಖಾತ್ರಿಯೇ ಆಗಿಹೋಗಿತ್ತು.

ಈಗ ನಿನ್ನ ಮೂರು ಕೈಬರಹದ ಕಾಗದಗಳನ್ನು ಪಕ್ಕಪಕ್ಕ ಇಟ್ಟು ನೋಡಿದೆ. ಒಂದೇ ಅಳತೆ, ಮೊದಲ ಸಾಲಿನಿಂದ ಸಹಿಯವರೆಗೆ. ಸಿಟ್ಟಿನಲ್ಲಿ ಬರೆದದ್ದು ಇನ್ನೂ ದೊಡ್ಡದಾಗಿದೆ. ನಿನಗೆ ಏನೂ ಇಲ್ಲ ಅಕ್ಕಾ. ಕೋಚ್‌ಗೆ ಇವತ್ತೇ ಮೇಲ್ ಮಾಡುತ್ತೇನೆ, ನನ್ನದು ತಪ್ಪು ತಿಳುವಳಿಕೆ ಎಂದು.

ನಿನ್ನ ಭುಜ ಹೋಯಿತು ಎಂದು ಬರೆದೆಯಲ್ಲ, ಅದನ್ನು ಮಾತ್ರ ಬರೆಯಬಾರದಿತ್ತು.

ಲಚ್ಚು


ದಿ ಪಾಂಡ್ಸ್
13 ಏಪ್ರಿಲ್ 2025

ನನ್ನ ಲಚ್ಚು,

ಇದನ್ನು ಮೂರನೇ ಸಲ ಬರೆಯುತ್ತಿದ್ದೇನೆ. ಎರಡು ಹರಿದೆ.

ನಿನ್ನ ಕಾಗದ ಬಂದ ದಿನ ನನಗೆ ಮೊದಲು ಬಂದದ್ದು ಸಿಟ್ಟೇ. ಕಾಯಿಲೆ ಇದೆ ಅಂತ ನೀನು ತೀರ್ಮಾನ ಮಾಡಿದೆ, ನನ್ನ ಸೀಟು ತೆಗೆಸಿದೆ, ನನಗೆ ಮಾತ್ರ ಹೇಳಲಿಲ್ಲ. ನನ್ನ ಹೆಸರು ಸಾಫಾಗಬೇಕು ಅಂತ ಕೋಚ್‌ನ ಹಿಡಿದು, ಹೋದ ಸೆಪ್ಟೆಂಬರಿನಲ್ಲಿ ಕ್ಲಬ್ಬಿನವರು ಡ್ರೋನ್ ಹಾರಿಸಿ ತೆಗೆದ ವಿಡಿಯೋ ಹಾಕಿಸಿದೆ. ಶೆಡ್ಡಿನಲ್ಲಿ ಅವಳ ಲ್ಯಾಪ್‌ಟಾಪ್ ಮುಂದೆ ಇಬ್ಬರೇ ಕೂತು ನಿಧಾನ ಮಾಡಿ ನೋಡಿದೆವು. ಬದಿ ಬದಲಾಗುತ್ತದೆ. ಒಂದು, ಎರಡು, ಮೂರು, ನಾಲ್ಕು, ಎಲ್ಲ ಪ್ಯಾಡಲ್ಲೂ ಒಟ್ಟಿಗೆ ನೀರಿಗೆ ಬೀಳುತ್ತವೆ. ನಾನು ಮೊದಲಲ್ಲ. ಐದನೆಯದು ತಡವಾಗಿ ಬೀಳುತ್ತದೆ.

ಕೋಚ್ ಮೂರು ಸಲ ಹಿಂದಕ್ಕೆ ಓಡಿಸಿದಳು. "ಸಾರಿ ವಸಂತಾ. ನಿನ್ನ ಸೀಟು ನಿಂದೇ" ಅಂದಳು.

ಅರ್ಧ ನಿಮಿಷ ನನಗೆ ಖುಷಿಯಾಯಿತು ಲಚ್ಚು. ಕಾರಿನಲ್ಲಿ ಕೂತು ಒಬ್ಬಳೇ ನಕ್ಕೆ. ನನ್ನಲ್ಲಿ ತಪ್ಪು ಹುಡುಕಲು ಹೋದವಳ ತಪ್ಪೇ ಸಿಕ್ಕಿತು ಅಂತ. ಅದನ್ನು ಮುಚ್ಚಿಡುವುದಿಲ್ಲ, ಆ ಅರ್ಧ ನಿಮಿಷ ನನ್ನ ಲೆಕ್ಕಕ್ಕೇ ಇರಲಿ.

ಎಂ ಟೂ ರಸ್ತೆಯಲ್ಲಿ ಬರುವಾಗ ನೀನು ಬರೆದ ಕಪ್ಪುಹಲಗೆ ನೆನಪಾಯಿತು. ಎಡಗಡೆ ದೊಡ್ಡದು, ಬಲಗಡೆ ಎಳ್ಳು. ಅದನ್ನು ಇತ್ತೀಚೆಗೆ ನಾನು ಎಲ್ಲೋ ನೋಡಿದ್ದೇನೆ ಅನಿಸಿತು. ಮನೆಗೆ ಬಂದವಳು ಚಪ್ಪಲಿ ಬಿಡದೆ ಡ್ರಾಯರ್ ತೆಗೆದು ನಿನ್ನ ನಾಲ್ಕು ಕಾಗದಗಳನ್ನು ಊಟದ ಮೇಜಿನ ಮೇಲೆ ತಾರೀಕಿನಂತೆ ಇಟ್ಟೆ. ಜನವರಿಯದಕ್ಕೆ ಪುಟಕ್ಕೆ ಇಪ್ಪತ್ತೊಂದು ಸಾಲು. ಫೆಬ್ರುವರಿಯದು, ಮಾರ್ಚ್ ಒಂಬತ್ತರದು ಚಿಕ್ಕ ಕಾಗದಗಳು, ಆದರೂ ಅಕ್ಷರ ಇಳಿಯುತ್ತಾ ಹೋಗಿದೆ. ಮಾರ್ಚ್ ಮೂವತ್ತರದಕ್ಕೆ ಪುಟಕ್ಕೆ ಮೂವತ್ತಾರು. ತೃಷಾಳ ಸ್ಕೇಲ್ ಇಟ್ಟು ಅಳೆದೆ. ಕೊನೆಯಲ್ಲಿ ನಿನ್ನ ಹೆಸರು ಒಂದು ಅಕ್ಕಿಕಾಳಿನಷ್ಟಿದೆ.

ನನ್ನ ಕಾಗದಗಳು ನಿನ್ನ ಹತ್ತಿರ, ನಿನ್ನವು ನನ್ನ ಹತ್ತಿರ. ನೀನು ನನ್ನ ಅಕ್ಷರ ನೋಡುತ್ತಾ ಕೂತೆ, ನಾನು ನಿನ್ನದನ್ನು ನೋಡಿ ಇರುವೆ ಅಂತ ಗೇಲಿ ಮಾಡಿದೆ. ನೀನೂ ಒಮ್ಮೆ ಅಪ್ಪನ ಹಲಗೆ ನೋಡಿ ನಕ್ಕಿದ್ದೆ ಅಂತ ಬರೆದಿದ್ದೀಯಲ್ಲ, ಈಗ ನಾವಿಬ್ಬರೂ ಸರಿಸಮ.

ನಾನು ಡಾಕ್ಟರ್ ಅಲ್ಲ. ತಪ್ಪಿರಬಹುದು. ತಪ್ಪಾಗಲಿ ಅಂತ ಮೂರು ದಿನದಿಂದ ದೇವರ ಮುಂದೆ ನಿಂತು ಬೇಡುತ್ತಿದ್ದೇನೆ. ಆದರೆ ನೀನು ಜನವರಿಯಲ್ಲಿ ಕೇಳಿದ ಪ್ರಶ್ನೆಗಳನ್ನೇ ಈಗ ನಾನು ನಿನಗೆ ಕೇಳುತ್ತೇನೆ. ದೋಸೆ ಕರಕಲಾದಾಗ ನಿನಗೆ ವಾಸನೆ ಯಾಕೆ ಬರಲಿಲ್ಲ? ಪ್ರೀತಮ್‌ಗೆ ನಿನ್ನ ನಗು ಯಾಕೆ ಕಾಣುತ್ತಿಲ್ಲ? ಆ ಬಲಭುಜ ನಿಜಕ್ಕೂ ಭುಜದ್ದೇ ಕಾಯಿಲೆಯಾ? ನಡೆಯುವಾಗ ಬಲಗೈ ಬೀಸುತ್ತದಾ? ಪ್ರೀತಮ್‌ಗೆ ಹಿಂದೆ ನಿಂತು ನೋಡಲು ಹೇಳು.

ಇದನ್ನು ನಾನು ಕೋಚ್‌ಗೆ ಹೇಳಿಲ್ಲ, ಸುದರ್ಶನ್‌ಗೂ ಹೇಳಿಲ್ಲ. ನಿನಗೇ ಮೊದಲು ಹೇಳುತ್ತಿದ್ದೇನೆ. ಡಾಕ್ಟರ್ ಹತ್ತಿರ ಹೋಗು. ಬೇಡ ಅಂದರೆ ನಾನೇ ಬಂದು ಎಳೆದುಕೊಂಡು ಹೋಗುತ್ತೇನೆ, ನೀನು ನನ್ನನ್ನು ದೋಣಿಗೆ ಎಳೆದ ಹಾಗೆ.

ಅಕ್ಕ


ದಿ ಪಾಂಡ್ಸ್
12 ಮೇ 2025

ಲಚ್ಚು,

ಇಪ್ಪತ್ತೊಂಬತ್ತು ದಿನವಾಯಿತು. ಕಾಗದವಿಲ್ಲ, ಫೋನ್ ಎತ್ತುವುದಿಲ್ಲ. ಪ್ರೀತಮ್‌ಗೆ ಮಾಡಿದರೆ, "ಅಕ್ಕಾ, ಅವಳಿಗೆ ಸ್ವಲ್ಪ ಟೈಮ್ ಕೊಡಿ. ಬರ್ಬೇಡಿ ಈಗ, ಅವಳೇ ಬರೀತಾಳೆ" ಅಂತಾರೆ. ಎಷ್ಟು ಟೈಮ್ ಅಂತ ಕೇಳಿದರೆ ಸಿಡ್ನಿಯಲ್ಲಿ ಮಳೆಯಾ ಅಂತಾರೆ. ಅವರೂ ನನ್ನಿಂದ ಏನೋ ಮುಚ್ಚಿಡುತ್ತಿದ್ದಾರೆ ಅಂತ ನನಗೆ ಗೊತ್ತು, ಆದರೆ ಈ ಸಲ ಟ್ರ್ಯಾಪ್ ಹಾಕುವ ಮನಸ್ಸಿಲ್ಲ.

ರೇಸ್ ಮುಗಿಯಿತು. ಹನ್ನೊಂದು ಬೋಟುಗಳಲ್ಲಿ ನಮ್ಮದು ಐದನೆಯದು. ನಿಮ್ಮ ಮೆಲ್ಬರ್ನಿನವರು ಒಂಬತ್ತು. ನೀನು ಅವರಿಗೆ ಯಾವ ಗುಟ್ಟೂ ಹೇಳಿರಲಿಲ್ಲ ಅಂತ ಆಗಲೇ ಸಾಬೀತಾಯಿತು.

ಆ ಸೀಟಿಗಾಗಿ ನಾನು ಎಷ್ಟು ಕುಣಿದೆ. ಹದಿನೈದನೇ ಕಿಲೋಮೀಟರಿನಲ್ಲಿ ಅಲೆ ದೊಡ್ಡದಾದಾಗ, ಹಿಂದೆ ಐದರಲ್ಲಿ ಕೂತ ಹೊಸ ಹುಡುಗಿಯ ಉಸಿರು ಕೇಳಿ, ಇದು ಲಚ್ಚುವಿನ ಉಸಿರಲ್ಲ ಅನಿಸಿತು. ಅತ್ತುಬಿಟ್ಟೆ. ಬೆವರು, ಉಪ್ಪುನೀರು, ಯಾರಿಗೂ ಗೊತ್ತಾಗಲಿಲ್ಲ.

ಚಿಕ್ಕದಾಗಿ ಬರೆದರೂ ಪರವಾಗಿಲ್ಲ. ಬರೆ.

ಅಕ್ಕ


ಪಾಯಿಂಟ್ ಕುಕ್
1 ಜೂನ್ 2025

ಪ್ರೀತಿಯ ಅಕ್ಕಾ,

ಹಾಳೆ ನೋಡಿದೆಯಾ? ಗೆರೆ ಇರುವ ಹಾಳೆ. ಕೈಗೆ ವ್ಯಾಯಾಮ ಹೇಳಿಕೊಡುವ ಥೆರಪಿಸ್ಟ್ ಕೊಟ್ಟದ್ದು. ಎರಡು ಗೆರೆಗೆ ಒಂದು ಸಾಲು, ಅಕ್ಷರ ಮೇಲಿನ ಗೆರೆಗೂ ಕೆಳಗಿನ ಗೆರೆಗೂ ತಾಗಬೇಕು, ಪುಟಕ್ಕೆ ಹತ್ತೇ ಸಾಲು. ಅಪ್ಪನ ಕಾಪಿ ಪುಸ್ತಕದ ಹಾಗೆಯೇ. ಆದ್ದರಿಂದ ಕಾಗದ ದಪ್ಪವಾಗಿದೆ, ಸುದ್ದಿ ಕಡಿಮೆಯಿದೆ.

ನಿನ್ನ ಅನುಮಾನ ಸರಿ. ಪಾರ್ಕಿನ್ಸನ್. ಶುರುವಿನ ಹಂತ. ನನಗೆ ನಲವತ್ತನಾಲ್ಕು ಎಂದಾಗ ಡಾಕ್ಟರ್ ಇನ್ನೊಮ್ಮೆ ಪರೀಕ್ಷೆ ಮಾಡಿದರು. ಅಪ್ಪನಿಗೆ ಇತ್ತೆಂದು ಮಕ್ಕಳಿಗೆಲ್ಲ ಬರಬೇಕೆಂದಿಲ್ಲವಂತೆ, ನೀನು ಹೆದರಬೇಡ. ಭುಜದ ಬಿಗಿತವೂ ಇದರದ್ದೇ. ಮಾತ್ರೆ ಶುರುವಾಗಿದೆ. ಮೊನ್ನೆ ಪ್ರೀತಮ್‌ನ ಒಂದು ಜೋಕಿಗೆ ನಕ್ಕೆ, ಅವರು ಅಡುಗೆಮನೆಗೆ ಹೋಗಿ ಅತ್ತರು.

ಇಷ್ಟು ದಿನ ಬರೆಯದೆ ಇದ್ದದ್ದು ನಿನ್ನ ಮೇಲಿನ ಸಿಟ್ಟಿಗೆ. ನಿನ್ನಲ್ಲಿ ನಾನು ಹುಡುಕುತ್ತಿದ್ದುದನ್ನು ನೀನು ನನ್ನಲ್ಲಿ ಕಂಡುಬಿಟ್ಟೆಯಲ್ಲ ಎಂಬ ಸಿಟ್ಟು. ಅದು ಇಳಿಯಲು ಹೊತ್ತು ಹಿಡಿಯಿತು.

ಇನ್ನೊಂದು ಒಪ್ಪಿಕೊಳ್ಳಬೇಕು. ಮಾರ್ಚಿನಲ್ಲಿ ನಿನ್ನ ಕಾಗದಗಳನ್ನು ಪಕ್ಕಪಕ್ಕ ಇಟ್ಟು, ಅಕ್ಕನಿಗೆ ಏನೂ ಇಲ್ಲ ಎಂದು ಗೊತ್ತಾದಾಗ, ಸಮಾಧಾನದ ಹಿಂದೆಯೇ ಒಂದು ಹೆದರಿಕೆ ಬಂತು. ನೀನು ಸರಿಯಿದ್ದರೆ ಆ ಅರ್ಧ ಕ್ಷಣ ಯಾರದ್ದು? ಆ ಪ್ರಶ್ನೆಯನ್ನು ಮುಂದಕ್ಕೆ ಯೋಚಿಸಲಿಲ್ಲ. ಕಪ್ಪುಹಲಗೆಯ ಕಥೆ ಬರೆದು ನಿನಗೆ ಕಳಿಸಿಬಿಟ್ಟೆ. ತಪ್ಪು ಹುಡುಕುವುದು ನಿನ್ನ ಕೆಲಸ, ಹುಡುಕುತ್ತಾಳೆ ಎಂದು ನನ್ನೊಳಗೆ ಎಲ್ಲೋ ಗೊತ್ತಿತ್ತೋ ಏನೋ. ನೀನು ನುಗ್ಗುತ್ತಿರಲಿಲ್ಲ ಅಕ್ಕಾ, ನಾನು ಹಿಂದೆ ಉಳಿಯುತ್ತಿದ್ದೆ. ದೋಣಿಯಲ್ಲಿ ಕೂತವರಿಗೆ ಎರಡೂ ಒಂದೇ ಥರ ಕಾಣುತ್ತವೆ.

ಡಾಕ್ಟರ್ ವ್ಯಾಯಾಮ ಏನಾದರೂ ಮಾಡುತ್ತೀರಾ ಎಂದು ಕೇಳಿದರು. ಔಟ್‌ರಿಗರ್ ಎಂದೆ. ಬಿಡಲೇಬೇಡಿ, ತಾಳಕ್ಕೆ ಸರಿಯಾಗಿ ಮಾಡುವ ಕೆಲಸ ಈ ಕಾಯಿಲೆಗೆ ಒಳ್ಳೆಯದು, ಒಬ್ಬರೇ ಮಾತ್ರ ಹೋಗಬೇಡಿ ಎಂದರು. ನಾನು ನಿನ್ನನ್ನು ದಡದಲ್ಲಿ ಕೂರಿಸಲು ಏನೆಲ್ಲ ಮಾಡಿದೆ, ನೋಡು.

ಜುಲೈ ರಜೆಗೆ ಸಿಡ್ನಿಗೆ ಬರುತ್ತೇನೆ. ಕುಚ್ಚಲಕ್ಕಿ ಖಾಲಿ ಮಾಡಬೇಡ. ಒಂದು ಭಾನುವಾರ ಎರಡನೇ ಬೋಟಿನಲ್ಲಿ, ಸೆಲ್ಫಿಯವರ ಜೊತೆ, ಕೊಲ್ಲಿಯೊಳಗೇ ಒಂದು ಸುತ್ತು ಹೋಗೋಣ. ಈ ಸಲ ನಾಲ್ಕನೇ ಸೀಟು ನನಗೆ ಬಿಡು, ಐದರಲ್ಲಿ ನೀನು ಕೂರು. ನನ್ನ ಬೆನ್ನು ಚೆನ್ನಾಗಿ ನೋಡು. ಪ್ಯಾಡಲ್ ಎಷ್ಟು ತಡವಾಗುತ್ತಿದೆ, ಯಾವ ಬದಿಗೆ ಹೆಚ್ಚು, ಎಲ್ಲ ನೋಡು.

ಕಂಡದ್ದನ್ನು ನನಗೆ ಮೊದಲು ಹೇಳು. ಕೋಚ್‌ಗೆ ಆಮೇಲೆ ಹೇಳೋಣ, ಇಬ್ಬರೂ ಒಟ್ಟಿಗೆ ಹೋಗಿ.

ನಿನ್ನ ಲಚ್ಚು